ಆರ್‌ಎಕ್ಸ್ 100: ಕಾರ್ಬುರೇಟರಿನ ರಬ್ಬರು ಬದಲಿಸುವುದು ಹೇಗೆ?

ಮಳೆಗಾಲವಿಡೀ ಚಾವಡಿಯಲ್ಲಿ ನಿಂತಿದ್ದ ಯಮಹಾ ಆರ್‌ಎಕ್ಸ್ 100 ಬೈಕನ್ನು ನವರಾತ್ರಿಯ ಹೊತ್ತಿಗೆ ಹೊರತೆಗೆದು ಕಿಕ್ ಹೊಡೆದರೆ, ಕಾರ್ಬುರೇಟರಿನ ಬುಡದಿಂದ ಪೆಟ್ರೋಲು ತೊಟ್ಟಿಕ್ಕುವುದು ಮಂಗಳೂರು, ಉಡುಪಿ ಕಡೆ ಹೊಸತಲ್ಲ. 1985ರಿಂದ 1996ರವರೆಗೆ ತಯಾರಾದ ಈ ಬೈಕಿನ ಹಳೆಯ ರಬ್ಬರುಗಳು ಶೇ 20ರಷ್ಟು ಎಥೆನಾಲ್ ಬೆರೆತ ಇಂದಿನ ಪೆಟ್ರೋಲಿಗೆಂದು ಮಾಡಿದವಲ್ಲ. ಅವು ನೆನೆದಾಗ ಉಬ್ಬುತ್ತವೆ, ಒಣಗಿದಾಗ ಗಡಸಾಗಿ ಬಿರಿಯುತ್ತವೆ. ಎಥೆನಾಲ್ ಕರಾವಳಿಯ ತೇವವನ್ನೂ ಹೀರಿಕೊಳ್ಳುವುದರಿಂದ, ತಿಂಗಳುಗಟ್ಟಲೆ ನಿಂತ ಬೈಕಿನ ಬೌಲಿನಲ್ಲಿ, ಅಂದರೆ ಕಾರ್ಬುರೇಟರಿನ ಬುಡದ ಪೆಟ್ರೋಲ್ ಬಟ್ಟಲಿನಲ್ಲಿ, ಬಿಳಿ ಪುಡಿ ಕಟ್ಟಿರುವುದೂ ಉಂಟು.

ಬೌಲ್ ಸೋರದಂತೆ ತಡೆಯುವ ಬೌಲ್ ರಿಂಗ್, ಬೌಲ್ ತುಂಬಿದಾಗ ಪೆಟ್ರೋಲು ನಿಲ್ಲಿಸುವ ಫ್ಲೋಟ್ ನೀಡಲ್, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಲು ನೆರವಾಗುವ ಚೋಕ್ ಪ್ಲಂಜರ್ ಮತ್ತು ಕಾರ್ಬುರೇಟರನ್ನು ಎಂಜಿನ್ನಿಗೆ ಜೋಡಿಸುವ ಮ್ಯಾನಿಫೋಲ್ಡ್ ರಬ್ಬರನ್ನು ಒಟ್ಟಿಗೇ ತಂದುಕೊಳ್ಳಿ. ರಿಂಗ್ ಪೆಟ್ರೋಲಿಗೆ ಜಗ್ಗದ ವೈಟನ್ ರಬ್ಬರಿನದೇ ಇರಲಿ. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬರುವ ಹೆಸರಿಲ್ಲದ ಅಗ್ಗದ ಕಿಟ್ ಬೇಡವೇ ಬೇಡ. ನಾನು ಒಮ್ಮೆ ಹಾಕಿದ ಅಂಥ ರಿಂಗ್ ಎರಡೇ ವಾರದಲ್ಲಿ ಸೇವಿಗೆಯಂತೆ ಉದ್ದವಾಗಿ, ಅದು ಕೂರುವ ತೋಡಿನಿಂದ ಹೊರಬಂದಿತ್ತು.

ಪೆಟ್ರೋಲ್ ಟ್ಯಾಪ್ ಮುಚ್ಚಿ, ಬೌಲ್ ಖಾಲಿ ಮಾಡಿ, ಕ್ಲಾಂಪ್ ಸಡಿಲಿಸಿ ಕಾರ್ಬುರೇಟರನ್ನು ಬಿಚ್ಚಿಕೊಳ್ಳಿ. ಕೆಲಸ ಗಾಳಿಯಾಡುವ ಕಡೆಯಲ್ಲಿರಲಿ. ದೇವರ ದೀಪವೂ ಹತ್ತಿರ ಇರಬಾರದು.

ಬಹಳ ಮಂದಿ ಸೋಲುವುದು ಬೌಲಿನ ಸ್ಕ್ರೂಗಳ ಮುಂದೆ. ಅವು ನೋಡಲು ಸಾಮಾನ್ಯ ಸ್ಟಾರ್ ಸ್ಕ್ರೂಗಳಂತಿದ್ದರೂ ಜಪಾನೀ ಅಳತೆಯವು (ಜೆಐಎಸ್). ಮಾಮೂಲು ಫಿಲಿಪ್ಸ್ ಡ್ರೈವರ್ ಅವುಗಳಲ್ಲಿ ಪೂರ್ತಿ ಕೂರದೆ ಜಾರಿ ತಲೆಯನ್ನು ಸವೆಸುತ್ತದೆ. ಉಪ್ಪುಗಾಳಿಗೆ ಹಿಡಿದುಕೊಂಡ ಸ್ಕ್ರೂಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಜೆಐಎಸ್ ಡ್ರೈವರನ್ನು ನೇರವಾಗಿ ಒತ್ತಿ ಹಿಡಿದು, ತಿರುಗಿಸುವುದಕ್ಕಿಂತ ಒತ್ತುವುದಕ್ಕೇ ಹೆಚ್ಚು ಬಲ ಕೊಡಿ.

ಇನ್ನು ರಿಂಗ್. ಹಳೆಯದನ್ನು ಸ್ಕ್ರೂಡ್ರೈವರಿನ ಮೊನೆಯಿಂದ ಕೆರೆದು ತೆಗೆಯುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ, ಏಕೆಂದರೆ ಮೆದು ಲೋಹದ ತೋಡಿನಲ್ಲಿ ಬಿದ್ದ ಒಂದು ಗೀರು ಸಾಕು, ಎಂಥ ಹೊಸ ರಿಂಗ್ ಹಾಕಿದರೂ ಅಲ್ಲಿಂದ ಸೋರುತ್ತದೆ. ಹಿಡಿಸೂಡಿಯ ಕಡ್ಡಿಯೊಂದನ್ನು ಓರೆಯಾಗಿ ಕತ್ತರಿಸಿ ಅದರಿಂದ ಎಬ್ಬಿಸಿ. ರಬ್ಬರುಗಳೆಲ್ಲ ಹೊರಬಂದ ಮೇಲಷ್ಟೇ ಕಾರ್ಬ್ ಕ್ಲೀನರ್ ಸ್ಪ್ರೇ ಮಾಡಿ. ಅದು ತಾಗಿದರೆ ರಬ್ಬರು ಉಬ್ಬುತ್ತದೆ. ತೋಡು ಒಣಗಿದ ಮೇಲೆ ಹೊಸ ರಿಂಗಿಗೆ ಟೂ-ಟಿ ಎಣ್ಣೆಯನ್ನು (ಟೂ-ಸ್ಟ್ರೋಕ್ ಎಂಜಿನ್ ಎಣ್ಣೆ) ಬೆರಳಿನಲ್ಲಿ ತೆಳ್ಳಗೆ ಸವರಿ, ಮೊದಲು ನಾಲ್ಕು ಮೂಲೆಗಳಲ್ಲಿ ಕೂರಿಸಿ, ಬಳಿಕ ನಡುವಿನ ಭಾಗವನ್ನು ಒತ್ತುತ್ತಾ ಬನ್ನಿ. ಒಂದೇ ತುದಿಯಿಂದ ಶುರುಮಾಡಿ ಎಳೆಯುತ್ತಾ ಹೋದರೆ ಕೊನೆಯಲ್ಲಿ ರಿಂಗ್ ಉಳಿದು ಬಿಲ್ಲಿನಂತೆ ಬಾಗುತ್ತದೆ. ಬೌಲನ್ನು ಮುಚ್ಚಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಮ್ಮೆ ಪೆಟ್ರೋಲಿನಲ್ಲಿ ನೆನೆದ ರಿಂಗನ್ನು ಮತ್ತೆ ತೆಗೆದರೆ ಅದು ತೋಡಿನಲ್ಲಿ ಹಿಡಿಯುವುದಿಲ್ಲ. ಹಾಳಾಯಿತೆಂದು ಎಸೆಯದೆ ಒಂದು ರಾತ್ರಿ ಒಣಗಲು ಬಿಟ್ಟರೆ, ಒಳ್ಳೆಯ ರಬ್ಬರಾಗಿದ್ದಲ್ಲಿ ಕುಗ್ಗಿ ಹಳೆಯ ಅಳತೆಗೆ ಬರುತ್ತದೆ. ರಿಂಗಿನ ಬದಲು ಗ್ಯಾಸ್ಕೆಟ್ ಅಂಟು ಬಳಿಯುವ ಸುಲಭದ ದಾರಿ ಹಿಡಿಯಬೇಡಿ: ಅಂಟಿನ ಚೂರು, ನಿಂತಲ್ಲೇ ನಿಧಾನಕ್ಕೆ ಓಡುವ (ಐಡಲ್) ಎಂಜಿನ್ನಿಗೆ ಪೆಟ್ರೋಲು ಕೊಡುವ ಪೈಲಟ್ ಜೆಟ್ಟಿನ ಕೂದಲೆಳೆಯಷ್ಟು ಸಣ್ಣ ತೂತಿಗೆ ಸಿಕ್ಕಿದರೆ ಬೈಕು ಐಡಲಿನಲ್ಲಿ ನಿಲ್ಲುವುದಿಲ್ಲ.

ಬೌಲ್ ಮುಚ್ಚುವ ಮೊದಲೇ ಫ್ಲೋಟ್ ನೀಡಲಿನ ಮೊನೆಯನ್ನೂ ಚೋಕ್ ಪ್ಲಂಜರಿನ ತಳದ ರಬ್ಬರನ್ನೂ ಬೆಳಕಿಗೆ ಹಿಡಿದು ನೋಡಿ, ಬಳೆಯಂತೆ ಗುಳಿ ಬಿದ್ದಿದ್ದರೆ ಬದಲಿಸಿ. ಗಾಳಿಯ ಪ್ರಮಾಣ ಹೊಂದಿಸುವ ಏರ್ ಸ್ಕ್ರೂ ಬಿಚ್ಚುವುದಾದರೆ, ಒಳಗೆ ಪೂರ್ತಿ ಮೆಲ್ಲನೆ ತಿರುಗಿಸಿ ಎಷ್ಟು ಸುತ್ತಾಯಿತೆಂದು ಎಣಿಸಿ ಬರೆದಿಟ್ಟುಕೊಳ್ಳಿ.

ಮ್ಯಾನಿಫೋಲ್ಡ್ ರಬ್ಬರನ್ನು ಕೈಯಲ್ಲಿ ಬಗ್ಗಿಸಿ. ಮೇಲೆ ಕಾಣದ ಬಿರುಕುಗಳು ಬಾಯಿ ತೆರೆದರೆ ಅದು ಕಸದ ಬುಟ್ಟಿಗೆ. ಅಲ್ಲಿಂದ ಗಾಳಿ ನುಗ್ಗಿದರೆ ಪೆಟ್ರೋಲಿನ ಅಂಶ ಕಡಿಮೆಯಾಗಿ ಎಂಜಿನ್ ವಿಪರೀತ ಕಾಯುತ್ತದೆ, ಟೂ-ಸ್ಟ್ರೋಕ್ ಬೈಕಿನಲ್ಲಿ ಪಿಸ್ಟನ್ ಹಿಡಿದುಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಎಲ್ಲವನ್ನೂ ಜೋಡಿಸಿದ ಮೇಲೆ ಸ್ಟಾರ್ಟ್ ಮಾಡುವ ಆತುರ ಬೇಡ. ಕೆಳಗೆ ಹಳೆಯ ಪತ್ರಿಕೆ ಹಾಸಿ, ಟ್ಯಾಪ್ ತೆರೆದು, ಅರ್ಧ ಗಂಟೆ ಕಾಯಿರಿ. ಕಾಗದ ಒಣಗಿದ್ದರೆ ಕಿಕ್ ಹೊಡೆಯಿರಿ. ಒದ್ದೆಯಾಗಿದ್ದರೆ ಟ್ಯಾಪ್ ಮುಚ್ಚಿ ಬೌಲನ್ನು ಮತ್ತೆ ಬಿಚ್ಚಿ, ಮೊದಲು ಮೂಲೆಗಳನ್ನೇ ನೋಡಿ.