ಲೈಕ್ ಹುಡುಕಾಟ: ಬೈಂಡ್ ಮಾಡಿದರಷ್ಟೇ ಸಾಲದು

ಪುಸ್ತಕ ಮಾರುವ ಒಂದು ಸಣ್ಣ ವೆಬ್‌ಸೈಟ್‌ಗೆ ಶೀರ್ಷಿಕೆ ಹುಡುಕುವ ಸೌಲಭ್ಯ ಬರೆದುಕೊಟ್ಟೆ. ಕೋಡ್ ಪಿಎಚ್‌ಪಿಯಲ್ಲಿ, ಡೇಟಾಬೇಸ್ ಮೈಎಸ್‌ಕ್ಯೂಎಲ್, ಎರಡನ್ನೂ ಜೋಡಿಸಲು ನಡುವೆ ಪಿಡಿಒ. ಹುಡುಕಲು ಬಳಸಿದ್ದು ಲೈಕ್: ಪಠ್ಯದಲ್ಲಿ ಪದದ ತುಣುಕು ಇದೆಯೇ ಎಂದು ನೋಡುವ ಎಸ್‌ಕ್ಯೂಎಲ್ ಸೌಲಭ್ಯ. ಅದರಲ್ಲಿ % ಎಂದರೆ ಎಷ್ಟು ಅಕ್ಷರವಾದರೂ ಸರಿ, _ ಎಂದರೆ ಯಾವುದಾದರೂ ಒಂದು ಅಕ್ಷರ.

ಬಳಕೆದಾರ ಟೈಪ್ ಮಾಡಿದ್ದನ್ನು ಕ್ವೆರಿಗೆ (ಡೇಟಾಬೇಸ್‌ಗೆ ಕೊಡುವ ಆದೇಶಕ್ಕೆ) ನೇರವಾಗಿ ಅಂಟಿಸಬಾರದು, ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಬೇಕು, ಅಂದರೆ ಕ್ವೆರಿಯಲ್ಲಿ ? ಇಟ್ಟು ಪದವನ್ನು ಬೇರೆಯಾಗಿ ಕೊಡಬೇಕು (ಹೀಗೆ ಕೊಡುವುದೇ ಬೈಂಡ್). ಇದು ಎಲ್ಲರಿಗೂ ಗೊತ್ತು. ಆದರೆ ಲೈಕ್ ಜೊತೆ '%?%' ಎಂದು ಬರೆದರೆ ಕೋಟ್ ಒಳಗಿನ ? ಬರೀ ಪ್ರಶ್ನಾರ್ಥಕ ಚಿಹ್ನೆಯಾಗಿಬಿಡುತ್ತದೆ, ಅಲ್ಲಿ ಬಳಕೆದಾರನ ಪದ ಕೂರುವುದಿಲ್ಲ. ನಾನು ಕ್ವೆರಿಯಲ್ಲಿ ಒಂಟಿ ? ಇಟ್ಟು, ಎರಡೂ ಕಡೆಯ % ಅನ್ನು ಪಿಎಚ್‌ಪಿಯಲ್ಲೇ ಪದಕ್ಕೆ ಸೇರಿಸಿ ಬೈಂಡ್ ಮಾಡಿದೆ.

ಬಹಳ ಜನ ಇಲ್ಲಿಗೇ ಕೈತೊಳೆದುಕೊಳ್ಳುತ್ತಾರೆ. ಬೈಂಡ್ ಮಾಡುವುದರಿಂದ ಇಂಜೆಕ್ಷನ್ (ಟೈಪ್ ಮಾಡಿದ್ದೇ ಕ್ವೆರಿಯ ಭಾಗವಾಗಿ ಓಡುವ ದಾಳಿ) ನಿಲ್ಲುತ್ತದೆ ನಿಜ, ಆದರೆ % ಮತ್ತು _ ಗಳಿಗೆ ಲೈಕ್ ಕೊಡುವ ವಿಶೇಷ ಅರ್ಥ ಹಾಗೇ ಉಳಿಯುತ್ತದೆ. "50%" ಎಂದು ಹುಡುಕಿದವರ ಮುಂದೆ 1950ರ ದಶಕದ ಪುಸ್ತಕಗಳೂ ಬಂದು ನಿಲ್ಲುತ್ತವೆ. ಬರೀ _ ಒತ್ತಿದರೆ ಇಡೀ ಪಟ್ಟಿಯೇ ಸುರಿಯುತ್ತದೆ. ಹಾಗಾಗಿ ಪ್ರತಿ % ಮತ್ತು _ ಗೆ ಮೊದಲು, ಅದನ್ನು ಮಾಮೂಲಿ ಅಕ್ಷರವೆಂದೇ ಓದು ಎನ್ನುವ ಎಸ್ಕೇಪ್ ಗುರುತು ಹಾಕಬೇಕು. ನಾನು ಆರಿಸಿಕೊಂಡದ್ದು ! ಗುರುತನ್ನು, ಕ್ವೆರಿಯ ಕೊನೆಗೆ ಎಸ್ಕೇಪ್ '!' ಎಂದು ಸ್ಪಷ್ಟವಾಗಿ ಬರೆದೆ. ಮೈಎಸ್‌ಕ್ಯೂಎಲ್‌ನಲ್ಲಿ \ ತಾನಾಗಿಯೇ ಆ ಕೆಲಸ ಮಾಡುತ್ತದಾದರೂ, ನಾನು ಟೆಸ್ಟ್ ಓಡಿಸುವ ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ಹೇಳದ ಹೊರತು ಯಾವ ಎಸ್ಕೇಪ್ ಗುರುತೂ ಇಲ್ಲ. ಮೊದಲು ! ಅನ್ನೇ ಎರಡಾಗಿಸಿ, ಆಮೇಲೆ % ಮತ್ತು _ ಗೆ ಬರಬೇಕು. ಕ್ರಮ ತಪ್ಪಿದರೆ ನಾವೇ ಹಾಕಿದ ಗುರುತು ಮತ್ತೆ ದುಪ್ಪಟ್ಟಾಗುತ್ತದೆ. (ವರ್ಡ್‌ಪ್ರೆಸ್‌ನವರಿಗೆ 4.0ರಿಂದ ಇದಕ್ಕೆಂದೇ ಒಂದು ಫಂಕ್ಷನ್ ಇದೆ. ಪದವನ್ನು ಮೊದಲು ಅದಕ್ಕೆ ಕೊಟ್ಟು, ಪ್ರಿಪೇರ್ ಆಮೇಲೆ ಮಾಡಬೇಕು.)

ಕನ್ನಡ ಶೀರ್ಷಿಕೆಗಳದು ಬೇರೆಯೇ ತಕರಾರು. "ಕೊಡಗು" ಪದದ ಒತ್ವ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಎರಡರ ಜೋಡಿಯಾಗಿಯೂ ಇರಬಹುದು. ಕಣ್ಣಿಗೆ ವ್ಯತ್ಯಾಸವಿಲ್ಲ, ಆದರೆ ಒಂದೊಂದೇ ಸಂಕೇತ ಹೋಲಿಸುವ ಲೈಕ್‌ಗೆ ಅವೆರಡೂ ಒಂದಲ್ಲ. "ಸಾಫ್ಟ್‌ವೇರ್" ಥರದ ಪದಗಳ ನಡುವೆ ಅಡಗಿರುವ ಶೂನ್ಯ ಅಗಲದ ಅಕ್ಷರವೂ ಹೀಗೇ ಕಾಡುತ್ತದೆ. ಅದಕ್ಕೆ ಹುಡುಕಾಟಕ್ಕೆಂದೇ ಪ್ರತ್ಯೇಕ ಕಾಲಂ ಮಾಡಿ, ಎನ್‌ಎಫ್‌ಸಿ ರೂಪಕ್ಕೆ (ಇಂಥ ಜೋಡಿಯನ್ನು ಒಂದೇ ಸಂಕೇತವಾಗಿಸುವ ಯೂನಿಕೋಡ್ ರೂಪಕ್ಕೆ) ತಂದು, ಆ ಅದೃಶ್ಯ ಅಕ್ಷರ ತೆಗೆದ ಪಠ್ಯವನ್ನು ಅದರಲ್ಲಿಟ್ಟೆ. ಬಳಕೆದಾರನ ಪದಕ್ಕೂ ಅದೇ ಸಂಸ್ಕಾರ. ತೋರಿಸುವ ಶೀರ್ಷಿಕೆಯನ್ನು ಮಾತ್ರ ಮುಟ್ಟಲಿಲ್ಲ.

ಪದದ ಆರಂಭದಲ್ಲೇ % ಇದ್ದರೆ ಸಾಮಾನ್ಯ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಕೆಲಸಕ್ಕೆ ಬಾರದು, ಟೇಬಲ್ ಪೂರ್ತಿ ಓದಬೇಕಾಗುತ್ತದೆ. ಸಣ್ಣ ಅಂಗಡಿಯ ಪಟ್ಟಿಗೆ ಅದು ಹೊರೆಯಲ್ಲ. ಆದರೂ ಫಲಿತಾಂಶಕ್ಕೆ 50ರ ಮಿತಿ ಹಾಕಿ, ಲೇಖಕರ ಹೆಸರಿಗೆ ಮಾತ್ರ ಕೊನೆಯಲ್ಲಷ್ಟೇ % ಇಟ್ಟೆ. ಅಲ್ಲಿ ಇಂಡೆಕ್ಸ್ ಸಿಗುತ್ತದೆ.