ಜೋಡಿಗಂಟೆ ನಾಝಲನ್ನು ತಣ್ಣನೆ ಗಾಳಿಯಲ್ಲಿ ಪರೀಕ್ಷಿಸಿದ ಅನುಭವ

ರಾಕೆಟ್ ಎಂಜಿನ್ನಿನ ಮಾಮೂಲಿ ನಾಝಲ್, ಅಂದರೆ ಅನಿಲ ಹೊರಚಿಮ್ಮುವ ಗಂಟೆಯಾಕಾರದ ಬಾಯಿ, ಯಾವುದಾದರೂ ಒಂದು ಎತ್ತರಕ್ಕೆ ಮಾತ್ರ ಸರಿಹೊಂದುತ್ತದೆ. ನೆಲಮಟ್ಟಕ್ಕೆಂದು ಗಿಡ್ಡವಾಗಿ ಮಾಡಿದರೆ ಮೇಲಕ್ಕೆ ಹೋದಂತೆ ಅನಿಲ ಪೂರ್ತಿ ಹಿಗ್ಗುವ ಮೊದಲೇ ಹೊರಬಿದ್ದು ಸಿಗಬೇಕಾದ ನೂಕುಬಲ ಸಿಗುವುದಿಲ್ಲ. ನಿರ್ವಾತಕ್ಕೆಂದು ಉದ್ದವಾಗಿ ಮಾಡಿದರೆ ನೆಲದ ಬಳಿ ಹರಿವು ಗೋಡೆಯನ್ನು ಬಿಟ್ಟು, ಒಂದೊಂದು ಕಡೆ ಒಂದೊಂದು ರೀತಿ ಒತ್ತಿ, ನಾಝಲನ್ನೇ ಪಕ್ಕಕ್ಕೆ ಅಲುಗಿಸುತ್ತದೆ. ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ 1949ರಲ್ಲೇ ಹುಟ್ಟಿದ ಜೋಡಿಗಂಟೆಯ ಕಲ್ಪನೆ ಇದಕ್ಕೊಂದು ಉತ್ತರ. ಸಣ್ಣ ಗಂಟೆಯ ಅಂಚಿನಲ್ಲಿ ಗೋಡೆ ಥಟ್ಟನೆ ಹೊರಕ್ಕೆ ತಿರುಗಿ ಇನ್ನೊಂದು ಗಂಟೆಯಾಗಿ ಮುಂದುವರಿಯುತ್ತದೆ. ನೆಲದ ಬಳಿ ಹರಿವು ಆ ಅಂಚಿನಲ್ಲೇ ಸುತ್ತಲೂ ಸಮವಾಗಿ ಬೇರ್ಪಡುತ್ತದೆ, ಎತ್ತರಕ್ಕೆ ಹೋದಾಗ ಎರಡನೆಯ ಗಂಟೆಯನ್ನೂ ತುಂಬಿಕೊಳ್ಳುತ್ತದೆ.

ದಹನದ ಗೋಜಿಲ್ಲದೆ ಸಂಕುಚಿತ ಗಾಳಿಯಲ್ಲೇ ಇದನ್ನು ನೋಡಬಹುದು. ಹೊರಬಾಯಿಯ ವಿಸ್ತೀರ್ಣವನ್ನು ಗಂಟಲಿನ (ನಾಝಲಿನ ಅತಿ ಕಿರಿದಾದ ಜಾಗದ) ಸುಮಾರು 4.2 ಪಟ್ಟು ಇಟ್ಟುಕೊಂಡೆ. ಆಗ ಗಾಳಿ ಶಬ್ದವೇಗದ ಮೂರು ಪಟ್ಟಿನವರೆಗೆ ಹೋಗಬಲ್ಲದು, ಅದಕ್ಕೆ ಹೊರಗಿನ ಒತ್ತಡದ ಸುಮಾರು 37 ಪಟ್ಟು ಒತ್ತಡ ಬೇಕು. ಆ ವೇಗದಲ್ಲಿ ಗಾಳಿ ಸೊನ್ನೆಗಿಂತ 160 ಡಿಗ್ರಿಗೂ ಕೆಳಗಿಳಿಯುವುದರಿಂದ, ಅದರಲ್ಲಿನ ತೇವವನ್ನು ಮೊದಲೇ ತೆಗೆಯದಿದ್ದರೆ ಅಳತೆಯೇ ಕೆಡುತ್ತದೆ.

ನಾಝಲನ್ನು ಪೀಣ್ಯದಲ್ಲಿ ಅಲ್ಯೂಮಿನಿಯಂನಲ್ಲಿ ಕಡೆಸಿದೆ. ಲೇತ್ ನಡೆಸುತ್ತಿದ್ದ ಹಿರಿಯರು ಎರಡು ಗಂಟೆಗಳು ಕೂಡುವ ಅಂಚನ್ನು ತೋರಿಸಿ, "ಸಾರ್, ಈ ಏಣು ಸ್ವಲ್ಪ ಉಜ್ಜಿ ನುಣುಪು ಮಾಡ್ಬಿಡ್ಲಾ?" ಎಂದರು. "ಬೇಡಿ ಅಣ್ಣ, ನಮ್ಮ ಪ್ರಯೋಗವೆಲ್ಲ ಆ ಏಣಿನ ಮೇಲೇ ನಿಂತಿದೆ" ಎಂದೆ. ಏಣು ದುಂಡಗಾದರೆ ಹರಿವು ಬೇರ್ಪಡುವ ಜಾಗ ನಿಲ್ಲದೆ ಹಿಂದೆ ಮುಂದೆ ಸರಿದಾಡುತ್ತದೆ. ಗೋಡೆಯ ಒತ್ತಡ ಅಳೆಯುವ ಸಣ್ಣ ರಂಧ್ರಗಳ ಬಾಯಲ್ಲಿ ಮಾತ್ರ ಒಂದಿಷ್ಟೂ ಸಿಬಿರು ಉಳಿಯದಂತೆ ಅವರೇ ಭೂತಗನ್ನಡಿ ಹಿಡಿದು ನೋಡಿ ಕೊಟ್ಟರು.

ನೂಕುಬಲ ಅಳೆಯುವ ಲೋಡ್ ಸೆಲ್ಲನ್ನು ಗಾಳಿಯ ಹೋಸಿನಲ್ಲಿ ಒತ್ತಡ ತುಂಬಿದ ಸ್ಥಿತಿಯಲ್ಲೇ ಹೊಂದಿಸಬೇಕು. ಒತ್ತಡಕ್ಕೆ ಬಿಗಿಯುವ ಹೋಸು ತಾನೂ ಒಂದಷ್ಟು ಬಲವನ್ನು ಹೊರುತ್ತದೆ. ಒತ್ತಡ ಏರಿಸುತ್ತ ಹೋದಾಗ ಹರಿವು ಒಮ್ಮೆಲೇ ಎರಡನೆಯ ಗಂಟೆಗೆ ಹಾರಿತು, ಇಳಿಸುವಾಗ ಅದಕ್ಕಿಂತ ಕಡಿಮೆ ಒತ್ತಡದವರೆಗೂ ಅಲ್ಲೇ ಅಂಟಿಕೊಂಡಿತ್ತು. ನನ್ನ ದೃಷ್ಟಿಯಲ್ಲಿ ಈ ಅಂತರವೇ ಜೋಡಿಗಂಟೆಯ ನಿಜವಾದ ಬಲ, ಏಕೆಂದರೆ ಹಾರಾಟದಲ್ಲಿ ಒತ್ತಡ ತುಸು ಏರುಪೇರಾದರೂ ಹರಿವು ಎರಡು ಸ್ಥಿತಿಗಳ ನಡುವೆ ಓಲಾಡುವುದಿಲ್ಲ. ಆದ್ದರಿಂದ ಏರಿಕೆಯಷ್ಟೇ ನಿಧಾನವಾಗಿ ಇಳಿಕೆಯನ್ನೂ ದಾಖಲಿಸಬೇಕು. ಬಿಸಿ ಅನಿಲದ ಗುಣ ಬೇರೆ. ಈ ಅಂಕಿಗಳನ್ನು ನೇರವಾಗಿ ಎಂಜಿನ್ನಿಗೆ ಹಚ್ಚಲಾಗದು, ಏಣಿನ ಕೋನಗಳನ್ನು ಒಂದರೊಡನೊಂದು ಹೋಲಿಸಿ ಆರಿಸಲು ಮಾತ್ರ ಇವು ಸಾಕು.