ಅಜ್ಜಿ ಕಾಯ್ತಿದ್ರೆ ಮಕ್ಕಳು ಓದ್ತಾರೆ – ನನ್ನ ಅನುಭವ

ಮಕ್ಕಳಿಗೆ ಕತೆ ಪುಸ್ತಕ ಓದೋ ರುಚಿ ಹತ್ತಿಸೋಕೆ ಅಂತ ಮೂರು ವರ್ಷದ ಹಿಂದೆ ನಾನಿದನ್ನ ಶುರು ಮಾಡಿದಾಗ ಸ್ಟಾಫ್ ರೂಮಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು, "ಒಂದು ವಾರ ಓದ್ತಾರೆ ಮೇಡಂ, ಆಮೇಲೆ ಮತ್ತೆ ಮೊಬೈಲೇ." ಹಂಗೆ ಹೇಳಿದವರಲ್ಲಿ ಒಬ್ಬರು ಈಗ ತಮ್ಮ ಆರನೇ ಕ್ಲಾಸಿಗೂ ಇದನ್ನೇ ಮಾಡಿಸ್ತಿದಾರೆ, ಅದಕ್ಕೇ ಈಗ ಧೈರ್ಯವಾಗಿ ಬರೀತಿದೀನಿ.

ಅರಸೀಕೆರೆ ಕಡೆ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ನಮ್ಮದು. ನನ್ನ ಹತ್ರ ನಾಲ್ಕು ಮತ್ತೆ ಐದನೇ ಕ್ಲಾಸ್, ಎರಡೂ ಸೇರಿ ಮೂವತ್ತು ಚಿಲ್ಲರೆ ಮಕ್ಕಳು. ಹೆಚ್ಚಿನವರ ಮನೇಲಿ ಟಚ್ ಫೋನ್ ಬಂದಿದ್ದೇ 2020ರಲ್ಲಿ, ಶಾಲೆ ಮುಚ್ಚಿದಾಗ. ಸರ್ಕಾರದ ವಿದ್ಯಾಗಮ ಯೋಜನೆ ಅಂತ ನಾವು ದೇವಸ್ಥಾನದ ಜಗಲಿ ಮೇಲೆ ಕೂರಿಸಿಕೊಂಡು ಪಾಠ ಮಾಡ್ತಿದ್ವಲ್ಲ, ಆವಾಗ ಹೋಂವರ್ಕ್ ಕಳಿಸೋಕೆ ಬೇಕು ಅಂತ ನಾವೇ ಹೇಳಿ ಕೊಡಿಸಿದ ಫೋನ್ ಅದು. ಶಾಲೆ ತೆಗೆದ ಮೇಲೆ ಹೋಂವರ್ಕ್ ನಿಂತಿತು, ಫೋನ್ ನಿಲ್ಲಲಿಲ್ಲ.

ಮೊದಲು ನಾನು ಮಾಡಿದ್ದೆಲ್ಲ ಕೆಟ್ಟಿತು. ಬಹುಮಾನ ಇಟ್ಟೆ, ಹತ್ತು ಪುಸ್ತಕ ಓದಿದವರಿಗೆ ಜಾಮಿಟ್ರಿ ಬಾಕ್ಸ್ ಅಂತ, ನನ್ನ ಕೈಯಿಂದ ಹತ್ರತ್ರ 1,800 ರೂಪಾಯಿ ಹೋಯ್ತು, ಮಕ್ಕಳು ಶಾಲೆ ಬೀರುನಲ್ಲಿದ್ದ ಎಲ್ಲಕ್ಕಿಂತ ತೆಳ್ಳಗಿನ ಹತ್ತು ಪುಸ್ತಕ ಆರಿಸಿಕೊಂಡು ನಾಲ್ಕೇ ದಿನಕ್ಕೆ ಬಾಕ್ಸ್ ತಗೊಂಡು ಹೋದ್ರು, ಆಮೇಲೆ ಒಬ್ಬರೂ ಪುಸ್ತಕ ಮುಟ್ಟಲಿಲ್ಲ. ಓದಿದ ಕತೆಯ ಸಾರಾಂಶ ಬರೀರಿ ಅಂದೆ, ಒಬ್ಬಳು ಬರೆದಿದ್ದನ್ನ ಹನ್ನೊಂದು ಜನ ಕಾಪಿ ಮಾಡಿದ್ರು. ಸ್ಮಾರ್ಟ್ ಕ್ಲಾಸ್ ಟಿವಿಲಿ ಕತೆ ಹಾಕಿದೆ, ಚಿತ್ರ ನೋಡಿದ್ರು, ಅಕ್ಷರ ನೋಡಲಿಲ್ಲ. ಮನೇಲಿ ಫೋನ್ ಕೊಡಬೇಡಿ ಅಂತ ಪೋಷಕರ ಸಭೇಲಿ ಹೇಳಿದ್ದಂತೂ ದಂಡ, ಬೆಳಗ್ಗೆ ತೋಟಕ್ಕೆ ಹೋಗಿ ಸಂಜೆ ಸುಸ್ತಾಗಿ ಬರೋ ತಾಯಿಗೆ ಮಗು ಸುಮ್ಮನೆ ಕೂತ್ರೆ ಸಾಕಾಗಿರುತ್ತೆ, ಅವರನ್ನ ಬೈದು ಏನುಪಯೋಗ.

ಇನ್ನು ಶಾಲೆ ಪುಸ್ತಕದ ಬೀರು ಬೀಗದ ವಿಷಯ ಮೇಷ್ಟ್ರುಗಳಿಗೆಲ್ಲ ಗೊತ್ತಿರೋದೇ. ಸ್ಟಾಕ್ ರಿಜಿಸ್ಟರಲ್ಲಿ ಪುಸ್ತಕ ಕಮ್ಮಿ ಆದ್ರೆ ಮುಂದೆ ಬರೋರಿಗೆ ಚಾರ್ಜ್ ಕೊಡುವಾಗ ಅದರ ದುಡ್ಡು ಯಾರು ಕಟ್ಟೋದು ಅನ್ನೋ ಭಯಕ್ಕೆ ಪುಸ್ತಕ ಒಳಗೇ ಗೆದ್ದಲು ಹಿಡೀತಿರುತ್ತೆ. ಕಳೆದುಹೋದ್ರೆ ನಾನು ಕಟ್ಟಿಕೊಡ್ತೀನಿ ಅಂತ ಹೆಡ್‌ಮಾಸ್ಟರಿಗೆ ಒಂದು ಹಾಳೇಲಿ ಬರೆದುಕೊಟ್ಟು ಬೀಗ ತೆಗೆದೆ. ವರಾಂಡದಲ್ಲಿ ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪಲ್ಲಿ ಪುಸ್ತಕ ನೇತುಹಾಕಿದೆ. ಅದೇನು ಹೊಸದಲ್ಲ, ತುಂಬಾ ಶಾಲೆಲಿ ಮಾಡಿದಾರೆ. ನಮ್ಮಲ್ಲೂ ಎರಡು ವಾರ ಚೆನ್ನಾಗಿ ನಡೀತು, ಮೂರನೇ ವಾರ ಪುಸ್ತಕದ ಮೇಲೆ ಧೂಳು.

ತಿರುವು ಸಿಕ್ಕಿದ್ದು ಎಲ್ಲಿ ಅಂದ್ರೆ, ಒಂದಿನ ಬಿಸಿಯೂಟ ಆದ್ಮೇಲೆ ಒಬ್ಬ ಹುಡುಗಿ ಜೋರಾಗಿ ಓದ್ತಿದ್ಲು, ಸುಮ್ಮನೆ ನನ್ನ ಫೋನಲ್ಲಿ ರೆಕಾರ್ಡ್ ಮಾಡಿ ಸಂಜೆ ಅವರಮ್ಮನ ವಾಟ್ಸಾಪಿಗೆ ಕಳಿಸಿದೆ. ಒಂದು ಪುಟ ಅಷ್ಟೇ, ಒಂದೂವರೆ ನಿಮಿಷ ಇರಬೇಕು. ಮಾರನೇ ದಿನ ಬಂದವಳೇ, "ಮಿಸ್, ಅಜ್ಜಿ ಮುಂದೇನಾಯ್ತು ಅಂತ ಕೇಳ್ತು, ಆ ಪುಸ್ತಕ ಕೊಡಿ" ಅಂದ್ಲು. ಎರಡು ವರ್ಷದಲ್ಲಿ ಒಂದು ಮಗು ತಾನಾಗೇ ಪುಸ್ತಕ ಕೇಳಿದ್ದು ಅದೇ ಮೊದಲು.

ಆವತ್ತಿಂದ ಇದೇ ಪದ್ಧತಿ. ದಿನಾ ನಾಲ್ಕೈದು ಮಕ್ಕಳು, ತಲಾ ಒಂದು ಪುಟ, ನನ್ನ ಫೋನಿಗೆ ಓದ್ತಾರೆ. ಕತೆ ಮಧ್ಯಕ್ಕೇ ನಿಲ್ಲಬೇಕು. ಸಂಜೆ ಏಳರ ಮೇಲೆ ಕಳಿಸ್ತೀನಿ, ಅಷ್ಟೊತ್ತಿಗೆ ಫೋನೂ ಮನೆಗೆ ಬಂದಿರುತ್ತೆ, ಅಜ್ಜಿ ತಾತನೂ ಕೂತಿರ್ತಾರೆ. ಉಳಿದ ಕತೆ ಮಗು ಬ್ಯಾಗಲ್ಲಿರುತ್ತೆ. ನಮ್ಮೂರ ಅಜ್ಜಿಯರಲ್ಲಿ ಹೆಚ್ಚಿನವರಿಗೆ ಓದೋಕೆ ಬರಲ್ಲ, ಹಂಗಾಗಿ ಮುಂದೆ ಏನಾಯ್ತು ಅಂತ ಹೇಳೋಕೆ ಆ ಮನೇಲಿ ಆ ಮಗು ಒಂದೇ ಗತಿ. ಅದರಿಂದ ಮಗುಗೆ ಬರೋ ಗತ್ತೇ ಬೇರೆ. ಪುಟ ಎಲ್ಲಿಗೆ ಕತ್ತರಿಸಬೇಕು, ತಡವರಿಸೋ ಮಕ್ಕಳ ರೆಕಾರ್ಡಿಂಗ್ ಹೆಂಗೆ ಮಾಡಿಸ್ತೀನಿ ಅನ್ನೋ ಎರಡು ಗುಟ್ಟು ಸದ್ಯಕ್ಕೆ ನನ್ನ ಹತ್ರನೇ ಇರ್ಲಿ, ಅದನ್ನ ಕಂಡುಕೊಳ್ಳೋಕೆ ನನಗೆ ಒಂದು ವರ್ಷ ಹಿಡೀತು.

ಒಂದು ತಪ್ಪು ಮಾತ್ರ ನೀವು ಮಾಡಬೇಡಿ. ನಡುವೆ ಸುಲಭ ಆಗುತ್ತೆ ಅಂತ ಎಲ್ಲ ಪೋಷಕರ ಗ್ರೂಪಿಗೇ ಹಾಕೋಕೆ ಶುರು ಮಾಡಿದೆ. ಮೂರೇ ದಿನ. ಅವರ ಮಗಳು ಎಷ್ಟು ಚೆನ್ನಾಗಿ ಓದ್ತಾಳೆ ನಮ್ಮೋನು ಏನಿಲ್ಲ ಅಂತ ಹೋಲಿಕೆ ಶುರುವಾಯ್ತು, ನಿಧಾನಕ್ಕೆ ಓದೋ ಆರು ಮಕ್ಕಳು ಬಾಯೇ ಬಿಡಲಿಲ್ಲ. ಅವರನ್ನ ವಾಪಸ್ ತರೋಕೆ ಎರಡು ತಿಂಗಳಾಯ್ತು. ಆ ಮನೆ ವಾಯ್ಸ್ ಆ ಮನೆಗೆ ಮಾತ್ರ.

ನಾನು ಅಂದುಕೊಂಡೇ ಇರದಿದ್ದದ್ದು ಒಂದು ಆಯ್ತು. ಒಂದು ರಾತ್ರಿ ಮಗುವಿನ ವಾಯ್ಸಿಗೆ ವಾಪಸ್ ವಾಯ್ಸ್ ಬಂತು. "ಮೇಡಮ್ಮೋರೆ, ಆ ನರಿ ಕತೆ ಹಂಗಲ್ಲ ಕಣವ್ವ, ನಮ್ಮವ್ವ ಬ್ಯಾರೆ ಥರ ಹೇಳೋಳು" ಅಂತ ಶುರು ಮಾಡಿದ ಅಜ್ಜಿ ಏಳು ನಿಮಿಷ ಕತೆ ಹೇಳಿದ್ರು. ಕ್ಲಾಸಲ್ಲಿ ಹಾಕಿದೆ, ಮಕ್ಕಳು ಮೂರು ಸಲ ಕೇಳಿದ್ರು. ಮೊಮ್ಮಗನಿಗೇ ಅದನ್ನ ಬರೆಯೋಕೆ ಹೇಳಿದೆ, ಅಜ್ಜಿ ಮಾತು ಹೆಂಗಿದೆಯೋ ಹಂಗೇ, ಗ್ರಂಥ ಭಾಷೆ ಬೇಡ ಅಂತ. ಬೇರೆ ಅಜ್ಜಿಯರೂ ಕಳಿಸೋಕೆ ಶುರು ಮಾಡಿದ್ರು. ಹದಿನಾಲ್ಕು ಕತೆ ಆದ್ಮೇಲೆ ದಬ್ಬಳದಲ್ಲಿ ಗೋಣಿ ದಾರ ಹಾಕಿ ಹೊಲಿದ್ವಿ. ಹಗ್ಗದ ಮೇಲೆ ಒಂದು ದಿನವೂ ನಿಲ್ಲದ ಪುಸ್ತಕ ಅಂದ್ರೆ ಅದೇ, ಈಗ ಮೂರನೇ ಪ್ರತಿ ನಡೀತಿದೆ.

ದುಡ್ಡಿನ ಲೆಕ್ಕ. ಸ್ಟೋರಿವೀವರ್ ಅನ್ನೋ ಮಕ್ಕಳ ಕತೆಗಳ ವೆಬ್‌ಸೈಟಲ್ಲಿ ಕನ್ನಡದ ಕತೆಗಳು ಪುಕ್ಕಟೆ, ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕ್ಕೊಂಡ್ರೂ ತೊಂದ್ರೆ ಇಲ್ಲ. ಆದ್ರೆ ಕಲರ್ ಪ್ರಿಂಟ್ ನಮ್ಮ ಜೆರಾಕ್ಸ್ ಅಂಗಡೀಲಿ ಪುಟಕ್ಕೆ ಹತ್ತು ರೂಪಾಯಿ, ಒಂದು ಪುಸ್ತಕಕ್ಕೆ ನೂರರ ಮೇಲೆ. ಆಗಲ್ಲ ಅಂತ ಬ್ಲ್ಯಾಕ್ ಅಂಡ್ ವೈಟೇ ಹಾಕಿಸಿ ಮಕ್ಕಳಿಗೆ ಬಣ್ಣ ಹಚ್ಚೋಕೆ ಕೊಟ್ಟೆ. ಬಣ್ಣ ಹಚ್ಚಬೇಕಾದ್ರೆ ಸೀರೆ ಯಾವ ಬಣ್ಣ ಅಂತ ಕತೆ ಓದಿ ಹುಡುಕಬೇಕು! ಕಲರ್ ಪ್ರಿಂಟಿಗಿಂತ ಇದೇ ಎಷ್ಟೋ ವಾಸಿ. ಪುಸ್ತಕಕ್ಕೆ 25–30 ರೂಪಾಯಿ ಬೀಳುತ್ತೆ. ನವೆಂಬರಲ್ಲಿ ಕನ್ನಡ ಪುಸ್ತಕಗಳಿಗೆ ರಿಯಾಯಿತಿ ಇದ್ದಾಗ ಒಂದಷ್ಟು ಕೊಂಡೆ. ಈಗ ಬರೋದೇ ನಿಂತಿರೋ ಚಂದಮಾಮದ ಹಳೇ ಸಂಚಿಕೆ ಒಂದು ಕಟ್ಟು ಸಿಕ್ಕಿದೆ, ಎಲ್ಲಿ ಅಂತ ಹೇಳಲ್ಲ, ಇನ್ನೂ ಅಲ್ಲಿ ನನಗೆ ಬೇಕಾದ್ದು ಇದೆ. ಮೂರು ವರ್ಷಕ್ಕೆ ಎಲ್ಲ ಸೇರಿ ನನ್ನ ಕೈಯಿಂದ ಒಂಬತ್ತು ಸಾವಿರದ ಹತ್ರ ಆಗಿದೆ, ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿ ಅಧ್ಯಕ್ಷರು ಎರಡು ಸಾವಿರ ಕೊಟ್ರು. ಮುನ್ನೂರ ನಲವತ್ತು ಪುಸ್ತಕದಲ್ಲಿ ನಲವತ್ತು ಹೋಯ್ತು, ದಸರಾ ರಜೆ ಮುಗಿದ ಮೇಲೆ ಅದರಲ್ಲಿ ಹದಿನೈದು ತಾವಾಗೇ ವಾಪಸ್ ಬಂದ್ವು.

ಏಳನೇ ಕ್ಲಾಸ್ ಹುಡುಗರಿಗೆ ಮಾತ್ರ ಈ ಅಜ್ಜಿ ದಾರಿ ಹಿಡಿಯಲ್ಲ, ಧ್ವನಿ ಒಡೆಯೋ ವಯಸ್ಸು, ರೆಕಾರ್ಡ್ ಅಂದ್ರೆ ನಾಚಿಕೆ. ಅವರಿಗೆ ಪೇಪರಿನ ಕ್ರೀಡಾ ಪುಟ ನೀರಿನ ಟ್ಯಾಂಕ್ ಪಕ್ಕದ ಗೋಡೆಗೆ ಅಂಟಿಸ್ತಿದೀನಿ, ಕೈ ತೊಳೆಯೋಕೆ ಕ್ಯೂ ನಿಂತಾಗ ಓದ್ತಾರೆ. ಹೋದ ವಾರದಿಂದ ಅರ್ಧ ಪುಟ ಮಾತ್ರ ಅಂಟಿಸಿ, ಉಳಿದರ್ಧ ಹಗ್ಗದ ಮೇಲೆ ಹಾಕ್ತಿದೀನಿ. ನಿನ್ನೆ ಇಬ್ಬರು ಹಗ್ಗದ ಹತ್ರ ಬಂದಿದ್ರು.